ಸ್ಟಿಕ್ಕರ್ ಕೆಳಗಿನ ಹಣೆ

ಚಿನ್ನದಂಗಡಿಯ ಮ್ಯಾನೇಜರ್ ನನ್ನ ಪಾರ್ಲರಿನ ಮೆಟ್ಟಿಲ ಮೇಲೆ ನಿಂತೇ ಮಾತು ಮುಗಿಸಿದರು. ಬಾಗಿಲಿಗೆ ‘ಮಹಿಳೆಯರಿಗೆ ಮಾತ್ರ’ ಎಂದು ಬರೆಸಿದ್ದೇನೆ. ಅದನ್ನು ಓದಿ ಹೊರಗೇ ನಿಂತ ಗಂಡಸು ಅವರೊಬ್ಬರೇ ಇರಬೇಕು. ಉಳಿದವರು ಹೆಂಡತಿಯನ್ನು ಹುಡುಕುವ ನೆಪದಲ್ಲಿ ಇಣುಕಿಯೇ ಇಣುಕುತ್ತಾರೆ.

“ನಮ್ಮ ಹುಡುಗಿಯರು ಮೇಕಪ್ ಹಾಕಿರಬೇಕು ಮೇಡಂ. ಆದರೆ ಹಾಕಿದ್ದಾರೆ ಅಂತ ಯಾರಿಗೂ ಗೊತ್ತಾಗಬಾರದು” ಎಂದರು. ನಮ್ಮ ರಾಮನಗರದಲ್ಲೇ ಅವರ ಕಂಪನಿಯ ಹೊಸ ಮಳಿಗೆ ತೆರೆಯುವುದಿತ್ತು. ಕೌಂಟರಿನಲ್ಲಿ ನಿಲ್ಲುವ ಹೆಣ್ಣುಮಕ್ಕಳಿಗೆ ದಿನವೂ ತಾವೇ ಮಾಡಿಕೊಳ್ಳುವಂಥ ಮೇಕಪ್ ಕಲಿಸಿಕೊಡಬೇಕು, ಆಮೇಲೂ ತಿಂಗಳಿಗೊಮ್ಮೆ ಬಂದು ನೋಡಿ ಹೋಗಬೇಕು.

ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ನಮ್ಮ ಕಡೆ ಮದುವೆ ಹೆಣ್ಣಿಗೆ ಮೇಕಪ್ ಮಾಡುವುದೆಂದರೆ ಗೋಡೆಗೆ ಸುಣ್ಣ ಹೊಡೆದ ಹಾಗೆ. ಕೊಟ್ಟ ಕಾಸಿಗೆ ಮುಖ ಬೆಳ್ಳಗೆ ಕಾಣಬೇಕು, ಇಲ್ಲದಿದ್ದರೆ ಹುಡುಗಿಯ ಚಿಕ್ಕಮ್ಮ ಬಂದು “ಇನ್ನೊಂದು ಕೋಟಿಂಗ್ ಕೊಡವ್ವ” ಅನ್ನುತ್ತಾಳೆ. ಮುಖ ಒಂದು ಬಣ್ಣ, ಕತ್ತು ಒಂದು ಬಣ್ಣ, ಕೈ ಇನ್ನೊಂದು ಬಣ್ಣ. ಅದನ್ನೇ ಫೋಟೋ ತೆಗೆಸಿ ಆಲ್ಬಮ್ಮಿಗೆ ಹಾಕುತ್ತಾರೆ. ಕಂಡೂ ಕಾಣದ ಹಾಗೆ ಮಾಡಿ ಎಂದು ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ.

ತರಬೇತಿ ನಡೆದದ್ದು ಮಳಿಗೆಯ ಮೇಲ್ಮಹಡಿಯಲ್ಲಿ. ಕೆಳಗಿನ್ನೂ ಗಾಜಿನ ಕೌಂಟರುಗಳಿಗೆ ಸುತ್ತಿದ ಪ್ಲಾಸ್ಟಿಕ್ ಬಿಚ್ಚಿರಲಿಲ್ಲ, ಪೇಂಟಿನ ವಾಸನೆ ಹೋಗಿರಲಿಲ್ಲ. ಮಾಗಡಿ, ಕನಕಪುರ, ಚನ್ನಪಟ್ಟಣದ ಕಡೆಯಿಂದೆಲ್ಲ ಹೆಣ್ಣುಮಕ್ಕಳು ಬಂದಿದ್ದರು. ಮೊದಲು ಅವರ ಕೈಯಲ್ಲಿದ್ದ ಕನ್ನಡಿಗಳನ್ನು ತೆಗೆದಿಡಿಸಿ, ಎಲ್ಲರನ್ನೂ ಕಿಟಕಿ ಹತ್ತಿರ ಕರೆದುಕೊಂಡು ಹೋದೆ. ಫೌಂಡೇಶನ್ನಿನ ಬಣ್ಣವನ್ನು ಟ್ಯೂಬ್‌ಲೈಟಿನ ಕೆಳಗೆ ಆರಿಸಬಾರದು, ಹಗಲು ಬೆಳಕಿನಲ್ಲಿ ದವಡೆಯ ಅಂಚಿಗೆ ಹಚ್ಚಿ ನೋಡಬೇಕು. ಕತ್ತಿಗೂ ಕೆನ್ನೆಗೂ ನಡುವೆ ಅದು ಕಾಣೆಯಾದರೆ ಅದೇ ನಿಮ್ಮ ಬಣ್ಣ. ಬೆಳಿಗ್ಗೆ ಅರಿಶಿನ ಹಚ್ಚಿಕೊಂಡು ಬಂದ ದಿನ ಆರಿಸಲೇಬೇಡಿ, ಅರಿಶಿನಕ್ಕೆ ಹೊಂದುವ ಬಣ್ಣ ಸಿಗುತ್ತದೆಯೇ ಹೊರತು ನಿಮ್ಮ ಮುಖಕ್ಕೆ ಹೊಂದುವುದು ಸಿಗುವುದಿಲ್ಲ. ಕಡಲೆಕಾಳಿನಷ್ಟು ತೆಗೆದುಕೊಂಡರೆ ಇಡೀ ಮುಖಕ್ಕೆ ಸಾಕು. ಒದ್ದೆ ಮಾಡಿ ಹಿಂಡಿದ ಸ್ಪಂಜಿನಲ್ಲಿ ಒತ್ತಬೇಕು, ತಿಕ್ಕಬಾರದು. ಹುಬ್ಬಿಗೆ ಕಪ್ಪು ಪೆನ್ಸಿಲ್ ಬೇಡ, ಕಂದು ಸಾಕು. ಲಿಪ್‌ಸ್ಟಿಕ್ ಹಚ್ಚಿ, ಟಿಶ್ಯೂ ಕಚ್ಚಿ, ಉಳಿದದ್ದೇ ನಿಮ್ಮದು. ಚಿನ್ನದಂಗಡಿಯ ಹಳದಿ ದೀಪಗಳು ಕೆನ್ನೆಯ ಕೆಂಪನ್ನು ತಿಂದುಹಾಕುತ್ತವೆ, ಅದಕ್ಕೆ ಒಸಿ ಹೆಚ್ಚಿಗೆ ಬಣ್ಣ ಕೊಡಬೇಕು. ಇಷ್ಟೇ ನನ್ನ ಪಾಠ.

ಅವರಲ್ಲಿ ಒಬ್ಬಳು ವಿರೂಪಾಕ್ಷಿಪುರದ ಕಡೆಯವಳು. ಮದುವೆಯಾಗಿ ಒಂದು ಮಗುವಿತ್ತು, ಬಿ.ಕಾಂ ಓದಿದ್ದಳು, ಇದು ಮೊದಲ ಕೆಲಸ. ಗಂಡ ರಾಮನಗರದ ಬೈಕ್ ಗ್ಯಾರೇಜಿನಲ್ಲಿದ್ದ. ಮಾರಾಟದ ಅಭ್ಯಾಸ ಮಾಡಿಸುವಾಗ ಮ್ಯಾನೇಜರೇ ಗಿರಾಕಿಯಾಗಿ ಕೂತರೆ, ಉಳಿದವರೆಲ್ಲ ‘ವೆಲ್‌ಕಮ್ ಸರ್’ ಎಂದು ಗಿಳಿಪಾಠ ಒಪ್ಪಿಸಿದರು. ಇವಳು ಮಾತ್ರ, “ಮದ್ವೆ ಯಾರ್ದು ಸಾ? ಹುಡುಗಿ ಕತ್ತು ಗಿಡ್ಡನೋ, ಉದ್ದನೋ? ಗಿಡ್ಡ ಆದ್ರೆ ಈ ಹಾರ ಬ್ಯಾಡ, ಗಲ್ಲಕ್ಕೆ ಒತ್ತಿ ನೋವಾಯ್ತದೆ” ಎಂದು ಶುರುಮಾಡಿದಳು. ಮ್ಯಾನೇಜರ್ ನಗುತ್ತಾ, ಇಲ್ಲದ ಮಗಳಿಗೆ ಒಂದು ನೆಕ್ಲೇಸ್ ಕೊಂಡೇಬಿಟ್ಟರು. ಮೊದಲ ಕೌಂಟರ್ ಇವಳಿಗೇ ಎಂದು ಅವತ್ತೇ ಹೇಳಿದರು.

ತೊಂದರೆಯೆಂದರೆ ಅವಳ ಹಣೆಯ ಮೇಲಿನ ಸ್ಟಿಕ್ಕರ್. ಕಂಪನಿಯ ನಿಯಮದ ಪ್ರಕಾರ ಸಣ್ಣ ಮರೂನ್ ಬಿಂದಿ ಇಡಬೇಕಿತ್ತು. ಇವಳದು ರೂಪಾಯಿ ನಾಣ್ಯದಷ್ಟು ಅಗಲ. ಎಲ್ಲರೂ ಮುಖ ತೊಳೆದು ಬಂದರೂ ಇವಳ ಹಣೆಯ ಮೇಲೆ ಅದು ಹಾಗೇ ಇರುತ್ತಿತ್ತು.

“ಅದನ್ನು ತೆಗೆಯಮ್ಮ, ಕೆಳಗೆ ಬೇಸ್ ಹಾಕಬೇಕು” ಎಂದೆ.

“ಇದು ತೆಗೆಯಾಕಿಲ್ಲ ಕಣಕ್ಕ” ಎಂದಳು, ಕೈ ಅಡ್ಡ ಹಿಡಿದು.

ಹಠಮಾರಿ ಎಂದುಕೊಂಡೆ. ಅವತ್ತು ಸಂಜೆ ನನ್ನ ಪಾರ್ಲರಿಗೆ ಒಬ್ಬಳೇ ಬಂದು, ಬಾಗಿಲಿಗೆ ಚಿಲಕ ಹಾಕಿ ಪರದೆ ಎಳೆಯಿರಿ ಎಂದಳು. ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಸ್ಟಿಕ್ಕರಿನ ಅಂಚಿಗೆ ಉಗುರು ಹಾಕಿ ನಿಧಾನವಾಗಿ ಬಿಡಿಸಿದಳು. ಅದರ ಕೆಳಗೆ ಹುಣಸೆಬೀಜದಷ್ಟು ಜಾಗದಲ್ಲಿ ಚರ್ಮಕ್ಕೆ ಬಣ್ಣವೇ ಇರಲಿಲ್ಲ. ಅಚ್ಚ ಬಿಳಿ, ಅಂಚಿನಲ್ಲಿ ಸ್ವಲ್ಪ ಕೆಂಪು.

“ತೊನ್ನು ಅಂತ ಗೊತ್ತಾದ್ರೆ ನಮ್ಮ ನಾದಿನಿ ಮದ್ವೆ ನಿಂತೋಯ್ತದೆ ಅಕ್ಕ. ಮೊದ್ಲು ನಮ್ಮತ್ತೇನೇ ನೋಡಿದ್ದು. ಯಾರ್ಗೂ ಯೋಳ್ಬೇಡ ಅಂದ್ಬುಟ್ಟು, ಮುಚ್ಚಕ್ಕೆ ಒಸಿ ದೊಡ್ಡ ಸ್ಟಿಕ್ಕರ್ ತಂದ್ಕೊಟ್ರು. ಆಮೇಲೆ ಅದೂ ಸಾಲ್ದೆ ಬಂತು. ಇನ್ನೊಂದು ಸೈಜ್ ತಂದ್ರು.”

“ಮೊದಲು ಕೆರೆತ ಇತ್ತಾ?”

“ಇತ್ತು. ಕೆರ್ಕೊಂಡು ಕೆರ್ಕೊಂಡು ಕೆಂಪಾಗಿತ್ತು. ಆಮೇಲೆ ಬೆಳ್ಳಗಾಯ್ತು.”

“ಸ್ಟಿಕ್ಕರ್ ರಾತ್ರಿ ತೆಗೆದಿಡ್ತೀಯಾ?”

“ಮುತ್ತೈದೆ ಹಣೆ ಬರಿದಾಗಿರಬಾರ್ದಲ್ವಾ ಅಕ್ಕ. ಸ್ನಾನಕ್ಕೋಗುವಾಗ್ಲೂ ಇರ್ತದೆ.”

ಇಂಥ ಹಣೆಗಳನ್ನು ಮೊದಲೂ ನೋಡಿದ್ದೆ. ಒಬ್ಬರೋ ಇಬ್ಬರೋ ಗಿರಾಕಿಗಳಿಗೆ ಸಾಸಿವೆಕಾಳಿನಷ್ಟು ಬಿಳಿ ಬಂದಾಗ ಸ್ಟಿಕ್ಕರ್ ಬಿಡಿ ಎಂದು ಹೇಳಿ, ಬಿಟ್ಟ ಮೇಲೆ ಮಾಯವಾದದ್ದೂ ಗೊತ್ತಿತ್ತು. ಇದು ಅದೇ ಇರಬೇಕು ಎನ್ನಿಸಿತು. ಆದರೆ ನನ್ನ ಮಾತಿನಿಂದ ಅವಳ ಹೆದರಿಕೆ ಹೋಗುವಂತಿರಲಿಲ್ಲ. ಮಾರನೆಯ ದಿನ ಚರ್ಮದ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಅವರು ಭೂತಗನ್ನಡಿ ಹಿಡಿದು ನೋಡಿದರು, ಮೈಮೇಲೆ ಬೇರೆಲ್ಲಾದರೂ ಇದೆಯಾ ಎಂದು ಕೇಳಿದರು, ಎಲ್ಲೂ ಇರಲಿಲ್ಲ. ಸ್ಟಿಕ್ಕರಿನ ಗಮ್ಮಿನಲ್ಲಿರುವ ರಾಸಾಯನಿಕದಿಂದ ಆಗಿದೆ ಎಂದರು. ಸ್ಟಿಕ್ಕರ್ ಪೂರ್ತಿ ನಿಲ್ಲಿಸಿ ರಾತ್ರಿ ಮುಲಾಮು ಹಚ್ಚಿದರೆ ತಿಂಗಳುಗಳಲ್ಲಿ ಬಣ್ಣ ತಿರುಗಿ ಬರಬಹುದು, ನಿಲ್ಲಿಸದಿದ್ದರೆ ಅಗಲವಾಗುತ್ತಾ ಹೋಗುತ್ತದೆ. ಕೆರೆತ ಬರದಂಥ ಮೇಕಪ್ ಹಗಲಲ್ಲಿ ಹಚ್ಚಿ ಸಂಜೆ ತೊಳೆದರೆ ತೊಂದರೆಯಿಲ್ಲ, ಗಮ್ ಮಾತ್ರ ಸೋಕಬಾರದು. ತೊನ್ನೇ ಆಗಿದ್ದರೂ ಅದು ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆಯಲ್ಲ, ಅದಕ್ಕೇಕೆ ಇಷ್ಟು ಹೆದರುತ್ತೀರಿ ಎಂದೂ ಬೈದರು.

ಹೊರಗೆ ಬಂದ ಮೇಲೆ ಅವಳು “ಹಂಗಾರೆ ತೊನ್ನಲ್ವಾ ಅಕ್ಕ?” ಎಂದು ಕೇಳಿದಳು. ಅಲ್ಲ ಎಂದೆ. ರಸ್ತೆ ದಾಟಿದ ಮೇಲೆ ಮತ್ತೆ ಕೇಳಿದಳು. ಕಬ್ಬಿನ ಹಾಲಿನ ಅಂಗಡಿಯ ಮುಂದೆ ನಿಂತು ಮತ್ತೆ ಕೇಳಿದಳು. ಆಮೇಲೆ ಅಳುತ್ತಾ ನಕ್ಕಳು.

ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಯಾರು ಚಿನ್ನದಂಗಡಿ ತೆರೆಯುತ್ತಾರೆ? ಉದ್ಘಾಟನೆ ಶ್ರಾವಣಕ್ಕೆ ಹೋಯಿತು, ಹೆಣ್ಣುಮಕ್ಕಳ ತರಬೇತಿ ಮುಂದುವರಿಯಿತು. ನನಗೂ ಸಮಯ ಸಿಕ್ಕಿತು.

ಬಿಳಿಯನ್ನು ಮುಚ್ಚುವುದು ನಾನು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಮುಖಕ್ಕೆ ಹಾಕುವ ಫೌಂಡೇಶನ್ನನ್ನೇ ಅಲ್ಲಿಗೂ ಹಾಕಿದೆ, ಬೂದಿ ಮೆತ್ತಿದ ಹಾಗಾಯಿತು. ಚರ್ಮದೊಳಗಿನ ಬಣ್ಣದ ಮೇಲೆ ಕೂತರೆ ತಾನೇ ಫೌಂಡೇಶನ್ ಚರ್ಮದ ಹಾಗೆ ಕಾಣುವುದು, ಅಲ್ಲಿ ಒಳಗೇನೂ ಇರಲಿಲ್ಲ. ದಪ್ಪಗೆ ಹಾಕಿದರೆ ಬಿರುಕು ಬಿಟ್ಟು ಉದುರಿತು. ಕೊನೆಗೆ ಕೆಳಗೊಂದು ಕಿತ್ತಳೆ ಮಿಶ್ರಿತ ಕಂದು ಬಣ್ಣದ ಕ್ರೀಮನ್ನು ಸ್ಪಂಜಿನ ತುದಿಯಿಂದ ಚುಕ್ಕೆ ಚುಕ್ಕೆಯಾಗಿ ಒತ್ತಿ, ಪೌಡರ್ ಹಾಕಿ, ಅದು ಕೂರುವವರೆಗೆ ಸುಮ್ಮನಿದ್ದು, ಹೆಚ್ಚಾದದ್ದನ್ನು ಬ್ರಷ್ಷಿನಲ್ಲಿ ಕೊಡವಿ, ಮೇಲೆ ಅವಳ ಬಣ್ಣದ ಇನ್ನೊಂದು ತೆಳು ಪದರ ಕೊಟ್ಟೆ. ಅಂಚುಗಳನ್ನು ಒಳ್ಳೆಯ ಚರ್ಮದ ಮೇಲೆ ಸ್ವಲ್ಪ ಹರಡಿಸಿದೆ. ಆದರೂ ಬಾಗಿಲ ಬಳಿ ನಿಲ್ಲಿಸಿ ನೋಡಿದರೆ ಅದೊಂದೇ ಜಾಗ ಮಂಕಾಗಿ, ಸುತ್ತಲ ಹಣೆ ಮಿರುಗುತ್ತಿತ್ತು. ಇಡೀ ಹಣೆಗೆ ಅದೇ ಪೌಡರ್ ಕೊಟ್ಟ ಮೇಲೆ ಸರಿಹೋಯಿತು.

ಇನ್ನು ಕಂಪನಿಯ ಮರೂನ್ ಬಿಂದಿ. ಗಮ್ ಬೇಡವೆಂದರೆ ಬರೆಯಬೇಕು. ಒಂದು ಹಳೆಯ ಎಕ್ಸ್‌ರೇ ಹಾಳೆಗೆ ಪಂಚಿಂಗ್ ಮಷಿನ್ನಿನಲ್ಲಿ ತೂತು ಹೊಡೆದು ಅಚ್ಚು ಮಾಡಿದೆ. ಅದನ್ನು ಹಣೆಗೆ ಹಿಡಿದು ಮರೂನ್ ಲಿಪ್ ಪೆನ್ಸಿಲ್ಲಿನಿಂದ ತುಂಬಿ, ಪೌಡರ್ ಒತ್ತಿ, ಮತ್ತೊಮ್ಮೆ ತುಂಬಿದೆ. ಉಳಿದ ಹುಡುಗಿಯರ ಸಾಲಿನಲ್ಲಿ ನಿಲ್ಲಿಸಿದಾಗ ಯಾರದು ಸ್ಟಿಕ್ಕರ್, ಯಾರದು ಬರೆದದ್ದು ಎಂದು ನನಗೇ ಗೊತ್ತಾಗಲಿಲ್ಲ. ಮ್ಯಾನೇಜರ್ ಹಾದುಹೋಗುತ್ತಾ “ಈಗ ನೋಡಿ, ಎಷ್ಟು ನೀಟಾಗಿ ಕಾಣ್ತೀರಾ” ಎಂದು ಅವಳನ್ನು ಹೊಗಳಿದರು. ಅವರಿಗೆ ನಾವೇನೂ ಹೇಳಲಿಲ್ಲ. ಮೇಕಪ್ ಹಾಕಿದ್ದು ಗೊತ್ತಾಗಬಾರದು ಎಂದು ಹೇಳಿದವರು ಅವರೇ.

ಆಮೇಲೆ ಹೆಲ್ಮೆಟ್ಟಿನ ಪಜೀತಿ. ಅವಳು ಕಲಿತ ಮೇಲೆ ಮನೆಯಲ್ಲೇ ಮಾಡಿಕೊಂಡು ಗಂಡನ ಬೈಕಿನಲ್ಲಿ ಬಂದಳು. ಹೆಲ್ಮೆಟ್ ತೆಗೆದರೆ ಅದರೊಳಗಿನ ಸ್ಪಂಜಿನ ಪಟ್ಟಿ ಸರಿಯಾಗಿ ಹಣೆಯ ಮೇಲೆ ಕೂತು ಎಲ್ಲವನ್ನೂ ಒರೆಸಿಹಾಕಿತ್ತು, ಬಿಂದಿಯ ಮರೂನು ಹುಬ್ಬಿನವರೆಗೆ ಎಳೆದಿತ್ತು. ಹಾಗಾಗಿ ದಿನವೂ ಮಳಿಗೆಗೆ ಹೋಗುವ ಮುಂಚೆ ನನ್ನಲ್ಲಿಗೆ ಬಂದು ಮಾಡಿಕೊಳ್ಳುವುದು ಎಂದಾಯಿತು. ಆದರೆ ಊರಿನಿಂದ ಬರಿ ಹಣೆಯಲ್ಲಿ ಹೊರಡುವುದು ಹೇಗೆ? ಅದಕ್ಕೂ ಅತ್ತೆಯೇ ದಾರಿ ಹುಡುಕಿದರಂತೆ. ನಡುಮನೆಯಲ್ಲೇ ಹೆಲ್ಮೆಟ್ ಹಾಕಿಸಿ, ಗಾಜು ಇಳಿಸಿ, ಆಮೇಲೆ ಹೊಸಿಲು ದಾಟಿಸುತ್ತಿದ್ದರು. ಬೀದಿಯವರು “ಏನವ್ವಾ, ಮನೆಯೊಳಗೂ ಬೈಕ್ ಓಡಿಸ್ತೀಯಾ?” ಎಂದು ರೇಗಿಸುತ್ತಾರೆ ಎಂದು ಹೇಳಿ ಅವಳು ಬಿದ್ದು ಬಿದ್ದು ನಗುತ್ತಿದ್ದಳು.

ಶ್ರಾವಣ ಹುಟ್ಟುವ ಹೊತ್ತಿಗೆ ಬಿಳಿಯ ಅಂಚಿನಲ್ಲಿ ರಾಗಿಕಾಳಿಗಿಂತ ಸಣ್ಣ ಕಂದು ಚುಕ್ಕೆಗಳು ಕಾಣಿಸಿದವು. ಕಣ್ಣಿಟ್ಟು ನೋಡಿದರಷ್ಟೇ ಕಾಣುವಂಥವು. ಬಣ್ಣ ತಿರುಗುವುದು ಹೀಗೇ ಎಂದು ಡಾಕ್ಟರು ಹೇಳಿದ್ದರು. ಅವಳನ್ನು ಬಾಗಿಲ ಬಳಿ ನಿಲ್ಲಿಸಿ, ಫೋನಿನಲ್ಲಿ ಹತ್ತಿರದಿಂದ ಫೋಟೋ ತೆಗೆದು ತೋರಿಸಿದೆ. ನನ್ನ ಕೆಲಸದಲ್ಲಿ ಅಷ್ಟು ಸಂತೋಷ ಕೊಟ್ಟ ಫೋಟೋ ಇನ್ನೊಂದಿಲ್ಲ.

ಉದ್ಘಾಟನೆಯ ದಿನ ಬೆಳಿಗ್ಗೆ ಅವಳು ಬಂದಾಗ ಎದೆಯ ಮೇಲೆ ಹೆಸರಿನ ಬ್ಯಾಡ್ಜ್ ಇತ್ತು. ಅದನ್ನು ಬೆರಳಲ್ಲಿ ಸವರುತ್ತಾ, “ಮದ್ವೆ ಆದ್ಮೇಲೆ ಯಾರೂ ನನ್ನ ಹೆಸ್ರೇ ಕರ್ದಿಲ್ಲ ಅಕ್ಕ. ಅವ್ನ ಹೆಂಡ್ತಿ, ಇವ್ರ ಸೊಸೆ, ಮಗೂ ತಾಯಿ. ಈಗ ನೋಡಿ, ಇಂಗ್ಲಿಷಲ್ಲೂ ಬರ್ದವ್ರೆ, ಕನ್ನಡದಲ್ಲೂ ಬರ್ದವ್ರೆ” ಎಂದಳು.

ಅವತ್ತಿಗೆ ಏನೇನಾಗಬಹುದೋ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದೆ. ಹೋಮದ ಬಿಸಿ, ಜನಸಂದಣಿಯ ಬೆವರು, ವಿಡಿಯೋದವರ ಲೈಟು. ಪದರಗಳ ನಡುವೆ ಎಂದಿಗಿಂತ ಹೆಚ್ಚು ಹೊತ್ತು ಕಾದೆ, ಕೊನೆಗೆ ಸ್ಪ್ರೇ ಹೊಡೆದು ಒಣಗಿಸಿದೆ. ಬೆರಳಿಂದ ಒತ್ತಿ ನೋಡಿದರೆ ಬೆರಳಿಗೆ ಏನೂ ಅಂಟಲಿಲ್ಲ.

ಪೂಜೆ ಮುಗಿಯಿತು. ಮಾಲೀಕರ ತಾಯಿ ಬಂದಿದ್ದರು, ತಲೆ ಪೂರ್ತಿ ನರೆತ, ನಗುಮುಖದ ಅಜ್ಜಿ. ಅಂಗಡಿಯ ಹೆಣ್ಣುಮಕ್ಕಳಿಗೆಲ್ಲ ತಾವೇ ಅರಿಶಿನ ಕುಂಕುಮ ಕೊಡಬೇಕು, ಇವರೇ ನಮ್ಮ ಮನೆಯ ಲಕ್ಷ್ಮಿಯರು ಎಂದು ಅಜ್ಜಿಯ ಆಸೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಸ್ಟಿಕ್ಕರಿನ ಮೇಲೆ ಕುಂಕುಮ ಇಡುವುದು ಅಜ್ಜಿಗೆ ಒಪ್ಪಿಗೆಯಿಲ್ಲ. ಒಬ್ಬೊಬ್ಬಳ ಗಲ್ಲ ಹಿಡಿದು, “ಬಾರೇ ಮಗಳೇ” ಎಂದು, ಉಗುರಿನಿಂದ ಸ್ಟಿಕ್ಕರ್ ಎಬ್ಬಿಸಿ ಅವಳ ಕೈಯ ಮೇಲೆ ಅಂಟಿಸಿ, ಬರಿ ಹಣೆಗೆ ಕುಂಕುಮ ಇಡುತ್ತಾ ಬಂದರು.

ನಾನು ಜನರ ಹಿಂದಿದ್ದೆ. ಅಜ್ಜಿ ಮೊದಲ ಹುಡುಗಿಯ ಸ್ಟಿಕ್ಕರ್ ಕಿತ್ತದ್ದನ್ನು ನೋಡಿದ ಕೂಡಲೇ ಇವಳದು ಅಂಟಿಸಿದ್ದಲ್ಲ, ಬರೆದದ್ದು ಎಂದು ನೆನಪಾಯಿತು. ಮುಂದೆ ನುಗ್ಗಲು ನೋಡಿದೆ, ವಿಡಿಯೋದವನು “ಫ್ರೇಮಲ್ಲಿ ಬರ್ಬೇಡಿ ಮೇಡಂ” ಎಂದು ತಡೆದ. ಇವಳ ಸರದಿ ಬಂತು. ಅಜ್ಜಿ ಉಗುರು ಹಾಕಿದರು, ಏಳಲಿಲ್ಲ. ಇನ್ನೊಮ್ಮೆ ಹಾಕಿದರು. ಆಮೇಲೆ ಸೆರಗಿನ ತುದಿಯನ್ನು ತಟ್ಟೆಯ ಅರಿಶಿನದ ನೀರಿಗೆ ಅದ್ದಿ, ಮಗುವಿನ ಮುಖ ಒರೆಸುವಷ್ಟು ಪ್ರೀತಿಯಿಂದ ಹಣೆಯನ್ನು ಉಜ್ಜಿದರು. ಎರಡು ಪದರವೂ ಬಂದುಬಿಟ್ಟವು. ಲೈಟು ನೇರವಾಗಿ ಅವಳ ಮುಖದ ಮೇಲಿತ್ತು.

ಕುಂಕುಮ ಹಿಡಿದ ಅಜ್ಜಿಯ ಬೆರಳು ಗಾಳಿಯಲ್ಲೇ ನಿಂತಿತು. ಹಿಂದೆ ಯಾರೋ ಒಂದು ಪದ ಅಂದರು, ನನಗೂ ಕೇಳಿಸಿತು, ಅವಳಿಗೂ ಕೇಳಿಸಿತು. ಅಜ್ಜಿ ಕೆಟ್ಟ ಮಾತೇನೂ ಆಡಲಿಲ್ಲ. “ತಗೋ ತಾಯಿ, ನೀನೇ ಇಟ್ಕೋ” ಎಂದು ಕುಂಕುಮವನ್ನು ಅವಳ ಅಂಗೈಗೆ ಉದುರಿಸಿದರು. ಆಮೇಲೆ ಬೆರಳುಗಳನ್ನು ಅದೇ ಅರಿಶಿನದ ನೀರಿನಲ್ಲಿ ತೊಳೆದುಕೊಂಡು, ಪಕ್ಕದಲ್ಲಿದ್ದ ತಮ್ಮ ಸೊಸೆ ಕೊಟ್ಟ ಟವೆಲ್ಲಿನಲ್ಲಿ ಒರೆಸಿಕೊಂಡು, ಮುಂದಿನ ಹುಡುಗಿಯ ಗಲ್ಲ ಹಿಡಿದರು. ಆ ನೀರನ್ನು ಎತ್ತಿ ಎರಚಿಬಿಡಬೇಕು ಎನ್ನುವಷ್ಟು ಸಿಟ್ಟು ನನಗೆ ಬಂತು, ಈಗಲೂ ನೆನೆದರೆ ಬರುತ್ತದೆ.

ಮ್ಯಾನೇಜರ್ ಅವಳನ್ನು ಮೇಲ್ಮಹಡಿಗೆ ಕಳಿಸಿದರು. ಮಧ್ಯಾಹ್ನ ಜನ ತೆಳುವಾದಾಗ ನಾನು ಡಾಕ್ಟರ ಚೀಟಿಯ ಫೋಟೋ ತೋರಿಸಿ ಎಲ್ಲವನ್ನೂ ಹೇಳಿದೆ. ಅವರು ಚೀಟಿಯನ್ನು ದೊಡ್ಡದು ಮಾಡಿಕೊಂಡು ಪೂರ್ತಿ ಓದಿದರು.

“ನಾನು ನಂಬ್ತೀನಿ ಮೇಡಂ. ನನಗೇನೂ ಭೇದ ಇಲ್ಲ. ಆದರೆ ಬರೋ ಗಿರಾಕಿಗಳಿಗೆಲ್ಲ ಈ ಚೀಟಿ ತೋರಿಸೋಕಾಗುತ್ತಾ? ಮದುವೆ ಒಡವೆ, ತಾಳಿ ತಗೊಳ್ಳೋಕೆ ಬರ್ತಾರೆ. ಆಕೆ ತನ್ನ ಕೈಯಾರೆ ಕೊರಳಿಗೆ ಹಾಕಿ ತೋರಿಸಬೇಕು.”

“ಹಾಗಾದರೆ ಕೆಲಸದಿಂದ ತೆಗೀತೀರಾ?”

“ಛೆ ಛೆ. ಒಳ್ಳೆ ಸೇಲ್ಸ್ ಗರ್ಲ್, ನನಗೂ ಬಿಡೋಕೆ ಇಷ್ಟ ಇಲ್ಲ. ಒಂದು ಕೆಲಸ ಮಾಡೋಣ. ಆಕೆ ಮೊದಲು ಹಾಕ್ತಿದ್ರಲ್ಲ, ದೊಡ್ಡ ಸ್ಟಿಕ್ಕರ್, ಅದನ್ನೇ ಹಾಕ್ಕೊಳ್ಳಲಿ. ಆಕೆಗೋಸ್ಕರ ನಿಯಮ ಸಡಿಲ ಮಾಡ್ತೀನಿ.”

“ಅದರಿಂದಲೇ ಇದಾಗಿರೋದು ಅಂತ ಈಗ ತಾನೆ ಓದಿದಿರಲ್ಲ ಸರ್!”

“ನಿಮ್ಮ ಮೇಕಪ್, ಕುಂಕುಮ ಎಲ್ಲ ಒರೆಸಿದ್ರೆ ಹೋಗುತ್ತೆ ಮೇಡಂ. ಸ್ಟಿಕ್ಕರ್ ಹೋಗಲ್ಲ” ಎಂದರು. ದನಿ ಏರಿಸಲಿಲ್ಲ. ನನಗೆ ಕುಡಿಯಲು ಬಾದಾಮಿ ಹಾಲು ತರಿಸಿದರು.

ಮಾರನೆಯ ದಿನ ಬೆಳಿಗ್ಗೆ ಅವಳ ಜೊತೆ ಅತ್ತೆಯೂ ಬಂದರು. ಜಗಳಕ್ಕೇ ಬಂದಿದ್ದಾರೆ ಎಂದು ನಾನೂ ಸಿದ್ಧವಾಗಿದ್ದೆ. ಹಣೆ ತುಂಬ ವಿಭೂತಿ ಧರಿಸಿದ ದೊಡ್ಡ ಜೀವ, ಕುರ್ಚಿಯ ತುದಿಯಲ್ಲಿ ಕೂತು ಕನ್ನಡಿಯ ಮುಂದಿದ್ದ ಡಬ್ಬಗಳನ್ನೆಲ್ಲ ನೋಡಿದರು. “ಪ್ಯಾಕೆಟ್ ಪ್ಯಾಕೆಟ್ ನಾನೇ ತಂದ್ಕೊಟ್ಟೆ ಕಣವ್ವ. ಮುಚ್ಚಾಕಕ್ಕೋಗಿ ನಾನೇ ಬೆಳೆಸ್ಬುಟ್ಟೆ” ಎಂದರು.

ಅವರು ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದು, ನೀರು ಕೇಳಿದರು. “ಪೂಜೆಗೆ ಕೂತಾಗ ನಾವೆಲ್ಲ ಹಚ್ಕತೀವಿ, ಆಗ ಇವಳ್ದು ಕಾಣ್ಸೋದೇ ಇಲ್ಲ. ರಾತ್ರಿ ಮಲಗಿದ್ದಾಗ ಹೊಳೀತು” ಎಂದು ಮೂರು ಬೆರಳು ಅದ್ದಿ ಸೊಸೆಯ ಹಣೆಗೆ ಎಳೆದರು. ಒಣಗುತ್ತಾ ಬಂದ ಹಾಗೆ ಬಿಳಿಯೊಳಗೆ ಬಿಳಿ ಸೇರಿಹೋಯಿತು. ನಾನು ಅವಳನ್ನು ಬಾಗಿಲ ಬಳಿ ನಿಲ್ಲಿಸಿ ಈ ಕಡೆಯಿಂದ, ಆ ಕಡೆಯಿಂದ ನೋಡಿದೆ. ಒಂದು ಡಬ್ಬವನ್ನೂ ತೆರೆಯದೆ, ಅವಳು ಅವಳಾಗಿಯೇ ಚೆನ್ನಾಗಿ ಕಾಣುತ್ತಿದ್ದಳು. ಉಳಿದ ಮುಖಕ್ಕೆ ನಾನು ಹಗುರಾಗಿ ಮೇಕಪ್ ಮಾಡಿದೆ, ಮೂವರೂ ನಡೆದು ಮಳಿಗೆಗೆ ಹೋದೆವು.

ಮ್ಯಾನೇಜರ್ ಎದ್ದು ನಿಂತು ಅತ್ತೆಗೆ ನಮಸ್ಕಾರ ಮಾಡಿದರು, ಕುರ್ಚಿ ಕೊಟ್ಟರು. ಆಮೇಲೆ, “ಯಾವ ಧರ್ಮದ ಗುರುತೂ ಬೇಡ ಅಂತ ಹೆಡ್ ಆಫೀಸಿಂದ ಬಂದಿದೆ ಅಮ್ಮ. ಎಲ್ಲ ಥರದ ಗಿರಾಕಿಗಳು ಬರ್ತಾರೆ. ಅದೂ ಅಲ್ಲದೆ ಬಗ್ಗಿದಾಗ ಪುಡಿ ಒಡವೆ ಮೇಲೆ ಉದುರುತ್ತೆ” ಎಂದರು.

“ನಿನ್ನೆ ಸಾಲಾಗಿ ನಿಲ್ಸಿ ಕುಂಕುಮ ಮಡಗಿದ್ರಲ್ಲಪ್ಪ. ಅದ್ಯಾವ ಧರ್ಮದ್ದು?” ಎಂದು ಅತ್ತೆ ಕೇಳಿದರು.

ಮ್ಯಾನೇಜರ್ ಫೋನು ನೋಡಿಕೊಂಡರು. ಅದು ರಿಂಗಾಗಿರಲಿಲ್ಲ.

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮಾತಾಡಿದಳು. “ಆಯ್ತು ಸಾ. ನಾಳೆಯಿಂದ ದೊಡ್ಡ ಸ್ಟಿಕ್ಕರ್ ಆಕ್ಕೊಂಡೇ ಬತ್ತೀನಿ. ಮೊದಲ್ನೇ ಕೌಂಟರ್ ನಂಗೇ ಕೊಡ್ಬೇಕು.” ಅತ್ತೆ “ಬ್ಯಾಡ ಕಣೇ, ಬಾ ಮನೆಗೆ” ಎಂದು ಕೈ ಹಿಡಿದರು. ಅವಳು ಕೈ ಬಿಡಿಸಿಕೊಂಡು ಮುಖ ತೊಳೆಯಲು ಹೋದಳು.

ಮೆಟ್ಟಿಲ ಬಳಿ ಅವಳನ್ನು ನಿಲ್ಲಿಸಿ ಚೆನ್ನಾಗಿ ಬೈದೆ. ಬೇರೆ ಕೆಲಸ ಸಿಗುವುದಿಲ್ಲವೇ, ಹಣೆ ಹಾಳಾದರೆ ಯಾರು ಕೊಡುತ್ತಾರೆ, ಬಣ್ಣ ಬರಲು ಶುರುವಾಗಿದ್ದು ನೀನೇ ನೋಡಿದ್ದೀಯಲ್ಲ ಎಂದೆಲ್ಲ ಕೂಗಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಬೇರೆ ಕೆಲ್ಸಕ್ಕೋದ್ರೂ ಇದೇ ಹಣೆ ಹೊತ್ಕೊಂಡೋಗ್ಬೇಕಲ್ವಾ ಅಕ್ಕ. ಅಲ್ಲಿ ಮತ್ತೆ ಮೊದ್ಲಿಂದ ಹೆದರ್ಕೋಬೇಕು. ಇಲ್ಲಿ ಎಲ್ರಿಗೂ ಗೊತ್ತಾಗೋಯ್ತು, ಇನ್ನು ಹೆದ್ರಿಕೆ ಇಲ್ಲ.” ಬ್ಯಾಡ್ಜನ್ನು ನೆಟ್ಟಗೆ ಮಾಡಿಕೊಂಡಳು. “ಮನೇಲಿ ಕೂತ್ರೆ ನಾನು ಮತ್ತೆ ಅವ್ರ ಸೊಸೆ, ಅಷ್ಟೇಯ.”

ತಿಂಗಳಿಗೊಮ್ಮೆ ಮಳಿಗೆಗೆ ಹೋಗುವ ಕೆಲಸ ನನಗೆ ಬೇಡ ಎಂದು ಮ್ಯಾನೇಜರಿಗೆ ಹೇಳಿಬಿಡಬೇಕೆಂದಿದ್ದೆ. ಹೇಳಲಿಲ್ಲ. ನಾನು ಬಿಟ್ಟರೆ ಆ ಮಳಿಗೆಯಲ್ಲಿ ಅವಳ ಹಣೆಯನ್ನು ಯಾರು ನೋಡುತ್ತಾರೆ? ಸಂಜೆ ಅವಳು ಕೆಲಸ ಮುಗಿಸಿ ಪಾರ್ಲರಿಗೆ ಬಂದ ಕೂಡಲೇ ಸ್ಟಿಕ್ಕರ್ ತೆಗೆಸಿ, ಕೊಬ್ಬರಿ ಎಣ್ಣೆ ಅದ್ದಿದ ಹತ್ತಿಯಲ್ಲಿ ಗಮ್ ಪೂರ್ತಿ ಬಿಡಿಸಿ, ತೊಳೆಸಿ, ಮುಲಾಮು ಹಚ್ಚಿಸಿ ಕಳಿಸುತ್ತಿದ್ದೆ. ಗಮ್ಮನ್ನು ಕೆರೆದುಹಾಕಿ ಕಣ್ರೆಪ್ಪೆ ಅಂಟಿಸುವ ಅಂಟಿನಲ್ಲಿ ಸ್ಟಿಕ್ಕರ್ ಕೂರಿಸಿ ನೋಡಿದೆ, ಅದಕ್ಕೂ ಹಣೆ ಕೆಂಪಾಯಿತು. ಕೆಳಗೆ ಕ್ರೀಮಿನ ಪದರ ಕೊಟ್ಟು ನೋಡಿದೆ, ಸ್ಟಿಕ್ಕರ್ ಜಾರಿ ಒಬ್ಬ ಗಿರಾಕಿಯ ಮುಂದೆ ಹಾರದ ಪೆಟ್ಟಿಗೆಯೊಳಗೆ ಬಿತ್ತಂತೆ. ಅಂದಿನಿಂದ ಅದೂ ನಿಂತಿತು. ನನ್ನ ಪಾರ್ಲರಿನ ಗಾಜಿನ ಶೆಲ್ಫಿನಲ್ಲಿ ನೇತುಹಾಕಿದ್ದ ಸ್ಟಿಕ್ಕರ್ ಪ್ಯಾಕೆಟ್ಟುಗಳನ್ನೆಲ್ಲ ತೆಗೆದು ಕಸಕ್ಕೆ ಹಾಕಿದೆ. ಅದರಿಂದ ಊರಿನಲ್ಲಿ ಸ್ಟಿಕ್ಕರಿಗೇನೂ ಬರ ಬರಲಿಲ್ಲ.

ಕಂದು ಚುಕ್ಕೆಗಳು ಒಂದೊಂದಾಗಿ ಕಾಣದಾದವು. ಫೋನಿನಲ್ಲಿರುವ ಫೋಟೋ ಮಾತ್ರ ಹಾಗೇ ಇದೆ.

ದೀಪಾವಳಿಯ ಹೊತ್ತಿಗೆ ಮಳಿಗೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾರಿದವಳು ಇವಳೇ. ಮಾಗಡಿಯಿಂದ, ಕನಕಪುರದಿಂದ ಬಂದವರು ಬಾಗಿಲಲ್ಲೇ ಅವಳ ಹೆಸರು ಹೇಳಿ ಕೇಳುತ್ತಾರಂತೆ. ಆ ದೊಡ್ಡ ಬೊಟ್ಟಿನಿಂದ ಮುಖಕ್ಕೆ ಎಂಥ ಲಕ್ಷಣ ಎಂದು ಹೊಗಳುತ್ತಾರಂತೆ. ಮಾಲೀಕರ ತಾಯಿಯೂ ಇನ್ನೊಮ್ಮೆ ಬಂದಾಗ ದೂರದಿಂದ ನೋಡಿ ‘ಸಾಕ್ಷಾತ್ ಮಹಾಲಕ್ಷ್ಮಿ’ ಎಂದರಂತೆ. ಯಾರೆಂದು ಗುರುತು ಸಿಕ್ಕಿರಲಿಲ್ಲ. ಇದನ್ನು ಹೇಳುವಾಗ ಅವಳು ನಗುತ್ತಿದ್ದಳು, ನನಗೆ ನಗು ಬರಲಿಲ್ಲ.

ಮೊನ್ನೆ ಬೆಳಿಗ್ಗೆ ಎಂದಿನ ಹಾಗೆ ಬಂದು ಹೆಲ್ಮೆಟ್ ತೆಗೆದಿಟ್ಟು ಕೂತಳು. ನಾನು ಮೇಕಪ್ ಮುಗಿಸಿ, ಅವಳೇ ತಂದ ಪ್ಯಾಕೆಟ್ಟಿನಿಂದ ಸ್ಟಿಕ್ಕರ್ ತೆಗೆದು ಹಣೆಯ ನಡುವೆ ಇಟ್ಟೆ. ಎಡಗಡೆ ಸರಿಮಾಡಿದರೆ ಬಲಗಡೆ ಒಂದು ಗೆರೆ ಬಿಳಿ ಕಾಣುತ್ತಿತ್ತು. ಬಲಗಡೆ ಸರಿಸಿದರೆ ಎಡಗಡೆ ಕಾಣುತ್ತಿತ್ತು. ಮತ್ತೊಮ್ಮೆ ಎಬ್ಬಿಸಿ ಇಟ್ಟು ನೋಡಿದೆ. ಅವಳು ಕನ್ನಡಿಯಲ್ಲಿ ನನ್ನ ಕೈಯನ್ನೇ ನೋಡುತ್ತಿದ್ದಳು.

“ಬುಡಿ ಅಕ್ಕ” ಎಂದಳು. “ಇದ್ಕಿಂತ ಒಂದು ಸೈಜ್ ದೊಡ್ಡದು ಎಲ್ಲಿ ಸಿಕ್ತದೆ?”